ಗೋಡೆಯೊಳಗೆ ಇಟ್ಟ ಉಪ್ಪು

ರೇಷನ್ ಅಂಗಡಿಯ ಮಷೀನು ಚಾಂದಪಾಶಾನ ಹೆಬ್ಬೆರಳನ್ನು ಗುರುತಿಸುವುದು ಬಿಟ್ಟು ಏಳು ವರ್ಷವಾಗಿತ್ತು. ಹತ್ತೂ ಬೆರಳು ಒತ್ತಿಸಿ ನೋಡಿ, ಸಾಕಾಗಿ, ಅಂಗಡಿಯವನು “ಮನಿಯವರನ್ನ ಕಳಿಸ್ರಿ ಚಾಚಾ” ಎಂದು ಕೈಚೆಲ್ಲುತ್ತಿದ್ದ. ನಲವತ್ತೈದು ವರ್ಷ ಸುಣ್ಣದ ಗಚ್ಚು ಕಲಸಿದ ಕೈ ಅದು. ಬೆರಳಿನ ಗೆರೆಗಳನ್ನು ಸುಣ್ಣ ಎಂದೋ ತಿಂದು ಮುಗಿಸಿತ್ತು. ಚಾಂದಪಾಶಾನಿಗೆ ಇದರಿಂದ ಬೇಸರವೇನೂ ಇರಲಿಲ್ಲ, ಒಂದು ಬಗೆಯ ಜಂಬವೇ ಇತ್ತು. ಸರ್ಕಾರದ ಮಷೀನಿಗೆ ತನ್ನ ಗುರುತು ಹತ್ತದಿದ್ದರೇನು, ಕಲಬುರಗಿಯ ಅರ್ಧದಷ್ಟು ಹಳೆಯ ಗೋಡೆಗಳಿಗೆ ಹತ್ತುತ್ತದೆ ಎಂದು ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದ. ಅದರಲ್ಲಿ ಸುಳ್ಳೂ ಇರಲಿಲ್ಲ. ಮಳೆಗೆ ನೆನೆದು ಹೊಟ್ಟೆ ಬಿಟ್ಟ ಕಲ್ಲುಗೋಡೆಯನ್ನು ಕೆಡವದೆ ಉಳಿಸಿಕೊಡುವ ಗೌಂಡಿ ಊರಲ್ಲಿ ಅವನೊಬ್ಬನೇ ಉಳಿದಿದ್ದ. ಆ ಮಾತನ್ನು ಬೇರೆಯವರಿಗಿಂತ ಅವನೇ ಹೆಚ್ಚು ಸಲ ಹೇಳಿದ್ದ, ಅಷ್ಟೆ.

ಆ ವರ್ಷ ಸೆಪ್ಟೆಂಬರಿನ ಕೊನೆಗೆ ನಾಲ್ಕು ದಿನ ಮಳೆ ಬಿಡುವು ಕೊಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಕಮಲಾಪುರದಿಂದ ಮಲ್ಲಣ್ಣನ ಫೋನು ಬಂತು.

“ಚಾಂದಭಾಯ್, ನಡುಕೋಣಿ ಗ್ವಾಡಿ ಹೊಟ್ಟಿ ಬಿಟ್ಟದ. ಮಾಳಿಗಿಯಿಂದ ಕೆಸರೇ ಸೋರಾಕತ್ತದ. ಮನ್ಯಾಗ ಕೂಡ್ಲಾಕ ಅಂಜಿಕಿ ಬರ್ತದ. ಒಂದ್ಸಲ ಬಂದು ನೋಡ್ರಿ.”

“ಮೊದಲು ಎಲ್ಲಾರೂ ಹೊರಗ ಬರ್ರಿ. ಕರೆಂಟಿಂದು ಮೇನ್ ಕಿತ್ತು ಒಗೀರಿ. ನಾ ಬರೂತನಕ ಯಾರೂ ಒಳಗ ಕಾಲಿಡಬ್ಯಾಡ್ರಿ, ದೇವರ ದೀಪಾ ಹಚ್ಚಾಕೂ ಬ್ಯಾಡ” ಎಂದ ಚಾಂದಪಾಶಾ.

ಮಲ್ಲಣ್ಣನಿಗೆ ಎರಡೆಕರೆ ಕೆಂಪು ಬಾಳೆಯ ತೋಟ, ಎರಡು ಎಮ್ಮೆ, ಅಜ್ಜ ಕಟ್ಟಿಸಿದ ಕಲ್ಲುಮಣ್ಣಿನ ಮನೆ, ಅದಕ್ಕೆ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಚಾವಣಿ. ನಲವತ್ತು ವರ್ಷದ ಹಿಂದೆ ಆ ಮನೆಯ ಅಡುಗೆಮನೆಗೆ ಗಚ್ಚು ಹಾಕಲು ಚಾಂದಪಾಶಾನ ತಂದೆ ಇಮಾಮುದ್ದೀನ್ ಹೋಗಿದ್ದ. ಜೊತೆಗೆ ಮಗನನ್ನೂ ಕರೆದೊಯ್ದಿದ್ದ. ಆಗ ಮಲ್ಲಣ್ಣನ ಹೆಂಡತಿಯಾಗಿ ಹೊಸದಾಗಿ ಆ ಮನೆಗೆ ನಡೆಯಲು ಬಂದಿದ್ದ ಅಂಬಮ್ಮ ಗೌಂಡಿಗಳಿಗೆ ಎರಡು ಹೊತ್ತು ಬಿಸಿ ರೊಟ್ಟಿ ಬಡಿದು ಹಾಕಿದ್ದಳು. ಅಂದಿನಿಂದ ಅವಳಿಗೆ ಇವನು ಚಾಂದಣ್ಣ, ಇವನಿಗೆ ಅವಳು ತಂಗೆವ್ವ. ಹಬ್ಬಕ್ಕೊಮ್ಮೆ ಬಾಳೆಗೊನೆ ಕಲಬುರಗಿಗೆ ಬರುತ್ತಿತ್ತು, ರಂಜಾನಿಗೆ ಶೀರ್‌ಖುರ್ಮಾದ ಡಬ್ಬಿ ಕಮಲಾಪುರಕ್ಕೆ ಹೋಗುತ್ತಿತ್ತು.

ಮಗ ನೋಮಾನನ ಬೈಕಿನ ಹಿಂದೆ ಕೂತು ಚಾಂದಪಾಶಾ ಹೊರಟ. ನೋಮಾನ್ ಸಿವಿಲ್ ಡಿಪ್ಲೊಮಾ ಓದಿ, ಕಪನೂರಿನಲ್ಲಿ ಮನೆಗಳ ಸೋರಿಕೆ ನಿಲ್ಲಿಸುವ ಕೆಲಸದವರ ಬಳಿ ಇದ್ದ. ಮಾತು ಕಡಿಮೆ. ಅವನ ಜೇಬಿನಲ್ಲಿ ಮೊಬೈಲಿನಷ್ಟು ದೊಡ್ಡ ಒಂದು ಮೀಟರಿತ್ತು. ಅದರ ಎರಡು ಮೊಳೆಗಳನ್ನು ಗೋಡೆಗೆ ಒತ್ತಿದರೆ ಒಳಗಿನ ತೇವ ಎಷ್ಟೆಂದು ಅಂಕಿ ತೋರಿಸುತ್ತಿತ್ತು. ಅದನ್ನು ಕಂಡರೆ ತಂದೆಗೆ ಆಗುತ್ತಿರಲಿಲ್ಲ. “ಗೋಡೆಗೆ ಜ್ವರ ಬಂದಿದೆಯೇನು, ಥರ್ಮಾಮೀಟರ್ ಇಡಲಿಕ್ಕೆ” ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದ. ಹೆಂಡತಿ ಬಷೀರುನ್ನೀಸಾ ನಗುತ್ತಿದ್ದಳು, ಮಗ ನಗುತ್ತಿರಲಿಲ್ಲ.

ಮನೆ ನೋಡಿದ ಕೂಡಲೇ ಚಾಂದಪಾಶಾನಿಗೆ ಕಾಯಿಲೆ ತಿಳಿಯಿತು. ಎರಡು ಮೊಳ ದಪ್ಪದ ಗೋಡೆ: ಒಳಗೊಂದು ಕಲ್ಲಿನ ಸಾಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಇಂಥ ಗೋಡೆ ನೂರು ವರ್ಷ ಬಾಳುತ್ತದೆ, ಅದಕ್ಕೆ ಗಾಳಿಯಾಡಬೇಕು ಅಷ್ಟೆ. ಆರು ವರ್ಷದ ಹಿಂದೆ ಯಾರೋ ಬುದ್ಧಿ ಹೇಳಿ, ಮಲ್ಲಣ್ಣ ಅದಕ್ಕೆ ಒಳಗೂ ಹೊರಗೂ ಸಿಮೆಂಟು ಬಳಿಸಿದ್ದ. ಮಾಳಿಗೆಯಿಂದ ಇಳಿದ ನೀರು ಆ ಎರಡು ಪದರದ ನಡುವೆ ಸಿಕ್ಕಿಬಿದ್ದು, ಹೊರಬರಲು ದಾರಿಯಿಲ್ಲದೆ ಮಣ್ಣನ್ನು ಹಿಟ್ಟಿನಂತೆ ನಾದಿಬಿಟ್ಟಿತ್ತು.

“ಸಿಮೆಂಟು ಹೊದಿಸಿ ಗ್ವಾಡಿ ಉಸುರು ಕಟ್ಟಿಸಿದ್ರಿ ಮಲ್ಲಣ್ಣೋರೆ” ಎಂದು ಚಾಂದಪಾಶಾ ರೇಗಿದ. “ಯಾವ ಗೌಂಡಿ ಮಾಡಿದ್ದ ಇದನ್ನ? ಅಂವನ ಬಾಯಿಗೆ ಒಂದು ಬುಟ್ಟಿ ಸಿಮೆಂಟು ಹಾಕಬೇಕು.”

“ಆದದ್ದು ಆತು. ಬೀಳ್ತದೇನು, ಅದು ಹೇಳ್ರಿ” ಎಂದ ಮಲ್ಲಣ್ಣ.

“ಮಳ್ಯಾಗ ಬೀಳಂಗಿಲ್ರಿ. ಬಿಸಿಲು ಬಿದ್ದ ಮ್ಯಾಲೆ ಬೀಳ್ತದ. ನೆಂದ ಮಣ್ಣು ಉಬ್ಬಿರ್ತದ, ಕಲ್ಲು ಹಿಡಕೊಂಡಿರ್ತದ. ಮ್ಯಾಲಿಂದು ಒಣಗಿ ಒಳಗಿಂದು ಹಸಿ ಉಳೀತಂದ್ರ ಮಣ್ಣು ಕುಗ್ಗಿ ಕಲ್ಲು ಕೈ ಬಿಡ್ತದ. ಸಾವಕಾಶ, ಎಲ್ಲಾ ಕಡಿ ಒಂದೇ ಸಮ ಒಣಗಿಸಬೇಕು. ನಾ ಒಣಗಿಸಿ ಕೊಡ್ತೀನಿ.”

ಅಂಬಮ್ಮ ಅಂಗಳದಲ್ಲಿ ನಿಂತಿದ್ದಳು. ಸೀರೆಯ ನೆರಿಗೆ ಮೊಳಕಾಲಿನವರೆಗೆ ಕೆಸರಾಗಿತ್ತು. “ಚಾಂದಣ್ಣಾ, ಮಗಳು ಅಂಬಿಕಾಗ ದಿನಾ ತುಂಬ್ಯಾವ” ಎಂದಳು. “ಚೊಚ್ಚಲ ಬಾಣಂತನ. ಕಲಬುರಗಿ ದವಾಖಾನ್ಯಾಗ ಹೆರಿಗಿ ಆದ್ರ ಕೂಸಿನ ಕರಕೊಂಡು ಇಲ್ಲಿಗೇ ಬರಬೇಕು. ನಡುಕೋಣಿನೇ ಬಾಣಂತಿ ಕೋಣಿ. ನಾ ಹಡದದ್ದೂ ಅಲ್ಲೇ, ನಮ್ಮತ್ತಿ ಹಡದದ್ದೂ ಅಲ್ಲೇ.”

“ಮಾಡಿ ಕೊಡ್ತೀನಿ ತಂಗೆವ್ವಾ. ಆದ್ರ ನಾ ಹೂಂ ಅನ್ನೂತನಕ ಒಳಗ ಯಾರೂ ಮಲಗಂಗಿಲ್ಲ.”

ಹೀಗೆ ಆ ಕೋಣೆ ಅವನ ಮಾತಿನ ಮೇಲೆ ನಿಂತಿತು. ಅವನು ಹೂಂ ಎಂದರೆ ಒಂದು ಬಾಣಂತಿ, ಒಂದು ಕೂಸು, ಅವರ ಪಕ್ಕದಲ್ಲಿ ಒಬ್ಬ ಅಜ್ಜಿ ಆ ಮಾಳಿಗೆಯ ಕೆಳಗೆ ಮಲಗುತ್ತಾರೆ.

ಕೆಲಸವನ್ನು ಅವನು ಮನಸಿಟ್ಟು ಮಾಡಿದ. ಅದರಲ್ಲಿ ಯಾರೂ ಹೆಸರಿಡುವಂತಿರಲಿಲ್ಲ. ಮಲ್ಲಣ್ಣನ ಸಂಸಾರವನ್ನು ತೋಟದ ತಗಡಿನ ಶೆಡ್ಡಿಗೆ ಕಳಿಸಿದ. ಮಾಳಿಗೆಯ ಮೇಲಿನ ನೆಂದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಇಳಿಸಿ ಭಾರ ಕಡಿಮೆ ಮಾಡಿ, ತಾಡಪತ್ರಿ ಹೊದಿಸಿದ. ತೊಲೆಗಳ ಕೆಳಗೆ ಸಾಲಾಗಿ ಬಲ್ಲಿ, ಅಂದರೆ ಮರದ ಗಳುಗಳನ್ನು, ನಿಲ್ಲಿಸಿ ಆಸರೆ ಕೊಟ್ಟ. ಗೋಡೆಯ ಬುಡದಲ್ಲಿ ನಿಂತ ನೀರಿಗೆ ಕಾಲುವೆ ತೆಗೆಸಿದ. ಸಿಮೆಂಟಿನ ಪದರವನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದ. ಹೊರಗಡೆ ಪೂರ್ತಿ, ಒಳಗಡೆ ಎದೆಮಟ್ಟಕ್ಕೆ. ಕಿಟಕಿ ಬಾಗಿಲು ಹಗಲಿಡೀ ತೆರೆದಿಡಿಸಿದ. ಸಡಿಲಾದ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಸಂದಿಗೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ ತುಂಬಿ ಮತ್ತೆ ಕೂರಿಸಿದ. ಭಾನುವಾರಕ್ಕೊಮ್ಮೆ ನೋಮಾನ್ ಬಂದು, ತಂದೆಯ ಕೆಲಸ ನೋಡಿ, ಮೀಟರು ಒತ್ತಿ, ಅಂಕಿಯನ್ನು ಗೋಡೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದು ಹೋಗುತ್ತಿದ್ದ. ಅಂಕಿ ಇಳಿಯುತ್ತಿತ್ತು, ಆದರೆ ಎಮ್ಮೆ ನಡೆದಂತೆ ಇಳಿಯುತ್ತಿತ್ತು.

ಚಾಂದಪಾಶಾ ಆ ಅಂಕಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ತಂದೆ ಕಲಿಸಿದ ಪರೀಕ್ಷೆಯೇ ಬೇರೆ. ಕಲ್ಲಿನ ಸಂದಿಯಲ್ಲಿ ಗೇಣುದ್ದದ ತೂತು ಮಾಡಿ, ಒಂದು ಮುಷ್ಟಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಟ್ಟು, ಮೇಲೆ ಮಣ್ಣಿನಿಂದ ಮುಚ್ಚುವುದು. ಗೋಡೆ ಹಸಿಯಿದ್ದರೆ ಉಪ್ಪು ನೀರು ಕುಡಿದು, ಬೆಳಗಾಗುವಷ್ಟರಲ್ಲಿ ಗಂಟು ತೊಟ್ಟಿಕ್ಕುತ್ತದೆ. ಒಣಗಿದ್ದರೆ ಇಟ್ಟ ಹಾಗೇ ಇರುತ್ತದೆ.

ಇದಕ್ಕೊಂದು ಕಟ್ಟಳೆಯಿತ್ತು. ಆ ಉಪ್ಪು ಆ ಮನೆಯ ಅಡುಗೆಮನೆಯದೇ ಆಗಿರಬೇಕು. ಮನೆಯ ಹೆಣ್ಣುಮಗಳೇ ಗಂಟು ಕಟ್ಟಿ ಕೊಡಬೇಕು. ಗೌಂಡಿ ಗಂಟು ಬಿಚ್ಚುವಂತಿಲ್ಲ, ಕೈಯಲ್ಲಿ ಒತ್ತಿ ನೋಡಬಹುದು ಅಷ್ಟೆ. ಕೆಲಸ ಬೇಗ ಮುಗಿಸುವ ಆಸೆಗೆ ಗೌಂಡಿ ಮೋಸ ಮಾಡಬಾರದೆಂದು ಹಿಂದಿನವರು ಹೀಗೆ ಮಾಡಿದ್ದರು. ಗಂಟು ಒಣಗಿ ಬಂದರೆ ಆಸರೆ ತೆಗೆಯುವುದು. ಅದೇ ಉಪ್ಪು ಹಾಕಿ ಮಾಡಿದ ಅಡುಗೆಯನ್ನು ಗೌಂಡಿ ಅದೇ ಮಾಳಿಗೆಯ ಕೆಳಗೆ ಕೂತು ಉಣ್ಣುವುದು. ಆಮೇಲೆ ಮನೆ ಮನೆಯವರದು.

ಈಚಿನ ವರ್ಷಗಳಲ್ಲಿ ಚಾಂದಪಾಶಾನಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗುಂಬಜ್ ಮತ್ತು ಮಸೀದಿಗಳ ಕೆಲಸ. ಅಲ್ಲಿ ಅಡುಗೆಮನೆಯಿಲ್ಲ, ಬಷೀರುನ್ನೀಸಾಳೇ ತನ್ನ ಪಿಂಗಾಣಿ ಭರಣಿಯಿಂದ ಉಪ್ಪು ಕಟ್ಟಿಕೊಡುತ್ತಿದ್ದಳು. ಆ ಉಪ್ಪು ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಅಕ್ಟೋಬರ್ ಮೂರನೆಯ ವಾರ ಅಂಬಿಕಾ ಹೆಣ್ಣುಮಗು ಹೆತ್ತಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಎಲ್ಲಿಗೆ ಹೋಗುವುದು, ಶೆಡ್ಡಿಗೇ ಬಂದಳು. ತೋಟದ ಶೆಡ್ಡಿನಲ್ಲಿ ಹಗಲು ತಗಡು ಸುಡುತ್ತಿತ್ತು, ಸಂಜೆಯಾದರೆ ಸೊಳ್ಳೆ. ಸೊಳ್ಳೆಗಿಂತ ಹೆಚ್ಚಾಗಿ ಬೀಗರ ಮಾತು ಅಂಬಮ್ಮನನ್ನು ಕಚ್ಚುತ್ತಿತ್ತು. ಬಾಣಂತಿಯನ್ನು ಬಾಳೆಯ ತೋಟದಲ್ಲಿ ಮಲಗಿಸುತ್ತಾರಂತೆ ಎಂದು ಅವರು ಹೇಳಿದ್ದು ಹೇಗೋ ಕಮಲಾಪುರದವರೆಗೆ ಬಂದು ಮುಟ್ಟಿತ್ತು. ದಿನಕ್ಕೆರಡು ಸಲ ಅಂಬಮ್ಮ ಬಂದು ಗೋಡೆಯ ಮುಂದೆ ನಿಲ್ಲುತ್ತಿದ್ದಳು. “ಆತೇನು ಚಾಂದಣ್ಣಾ?” ಎಂದು ಕೇಳುತ್ತಿದ್ದಳು. ಅವಸರ ಮಾಡು ಎಂದು ಒಂದು ದಿನವೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವನಿಗೆ ಹೆಚ್ಚು ಭಾರವಾಯಿತು.

ಮೂವತ್ತೊಂದನೆಯ ದಿನ ಸಂಜೆ ಅವನು ಉಪ್ಪು ಕೇಳಿದ. ಅಂಬಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಹೊಸ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಅವನು ಬಿಸ್ಮಿಲ್ಲಾ ಎಂದು ತೂತಿನೊಳಗೆ ಇಟ್ಟು ಮುಚ್ಚಿದ.

ಮರುದಿನ ಬೆಳಿಗ್ಗೆ ಮಣ್ಣು ಕೆದರಿ ಗಂಟನ್ನು ತೆಗೆದ. ಬಟ್ಟೆ ಒಣಗಿತ್ತು. ಒತ್ತಿ ನೋಡಿದ, ನೀರಿಲ್ಲ, ಅಂಟಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸಿದ, ಒಳಗೆ ಉಪ್ಪು ಸಡಿಲವಾಗಿ ಸರಿದಾಡಿತು. ಅವನ ಮುಖ ಅರಳಿತು.

“ತಂಗೆವ್ವಾ, ಕೋಣಿ ನಿಂದು” ಎಂದ.

ಅಂಬಮ್ಮ ಕಣ್ಣೊರೆಸಿಕೊಂಡಳು. ಆಗಲೇ ನೋಮಾನ್ ಮೀಟರು ಹಿಡಿದು ಒಳಗಿನಿಂದ ಬಂದ. ಅಂದು ರಜೆ ಹಾಕಿ ಬಂದಿದ್ದ.

“ಅಬ್ಬಾ, ಇನ್ನೂ ಇಪ್ಪತ್ತೆರಡು ತೋರಸಾಕತ್ತದ. ಹದಿನೈದರ ಕೆಳಗ ಬರಬೇಕು. ಇನ್ನೊಂದು ತಿಂಗಳರೆ ಬೇಕು. ಬಲ್ಲಿ ತೆಗಿಯೂದು ಬ್ಯಾಡ.”

ಮಲ್ಲಣ್ಣ ನೋಡುತ್ತಿದ್ದ, ಅಂಬಮ್ಮ ನೋಡುತ್ತಿದ್ದಳು, ಬೇಲಿಯಾಚೆ ಪಕ್ಕದ ಮನೆಯವರು ನೋಡುತ್ತಿದ್ದರು. ಚಾಂದಪಾಶಾನಿಗೆ ಸಿಟ್ಟು ನೆತ್ತಿಗೇರಿತು. ಮಗ ಹೇಳಿದ್ದು ಸರಿಯೋ ತಪ್ಪೋ ಎಂದು ಆ ಗಳಿಗೆಯಲ್ಲಿ ಅವನು ಯೋಚಿಸಲೇ ಇಲ್ಲ. ಜನರ ಮುಂದೆ ಹೇಳಿದ ಎನ್ನುವುದೊಂದೇ ಅವನ ತಲೆಯಲ್ಲಿತ್ತು.

“ನಕ್ಕೋ” ಎಂದ ಮೊದಲು, ಬೇಡ ಎಂದು ಮನೆಯ ಮಾತಿನಲ್ಲಿ. ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡಕ್ಕೆ ತಿರುಗಿದ. “ಸೆಲ್ ಹಾಕಿದ್ರ ಮಾತಾಡೂ ಡಬ್ಬಿ ತಗೊಂಡು ನನಗ ಕಲಿಸಾಕ ಬಂದೀಯೇನು? ಸೆಲ್ ಮುಗದ್ರ ನಿನ್ನ ವಿದ್ಯಾನೂ ಮುಗೀತು. ನಿಮ್ಮ ದಾದಾ, ನಮ್ಮ ಅಬ್ಬಾ, ಈ ಉಪ್ಪಿನ ಮ್ಯಾಲೆ ಇನ್ನೂರು ಮನಿ ನಿಲ್ಲಸ್ಯಾರ. ಒಂದರೆ ಬಿದ್ದದೇನು, ಹೇಳು!”

“ಬಿದ್ದಿಲ್ಲ ಅಬ್ಬಾ. ಆದ್ರ—”

“ಆದ್ರ ಇಲ್ಲ ಹೋದ್ರ ಇಲ್ಲ. ಬಲ್ಲಿ ತಗೀ.”

ನೋಮಾನನಿಗೆ ತಂದೆಗೆ ಎದುರಾಡಿ ಅಭ್ಯಾಸವಿರಲಿಲ್ಲ. ಮಲ್ಲಣ್ಣನ ಕಡೆ ತಿರುಗಿ, “ಕಾಕಾ, ಇರೋದಾದ್ರ ಬಾಗಲಾ ಕಿಟಕಿ ತೆರದಿಡ್ರಿ. ಒಳಗ ಬೆಂಕಿ ಮಾತ್ರ ಹಾಕಬ್ಯಾಡ್ರಿ” ಎಂದ. ಮಲ್ಲಣ್ಣ ತಲೆಯಾಡಿಸಿದ. ಬಾಣಂತಿಯ ಕೋಣೆಯಲ್ಲಿ ಕಿಟಕಿ ತೆರೆದಿಡುವುದು, ಬೆಂಕಿಯಿಲ್ಲದೆ ಮಲಗಿಸುವುದು ಕಮಲಾಪುರದಲ್ಲಿ ಯಾರ ಮನೆಯಲ್ಲೂ ನಡೆಯುವ ಮಾತಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಚಾಂದಪಾಶಾನಿಗೂ ಗೊತ್ತಿತ್ತು. ಗೋಡೆ ಒಣಗಿದ ಮೇಲೆ ಬೆಂಕಿಯ ಅಂಜಿಕೆ ಏನು ಎಂದು ಅವನು ಸುಮ್ಮನಾದ.

ಬಲ್ಲಿಗಳು ಒಂದೊಂದಾಗಿ ಹೊರಬಂದವು. ಮಾಳಿಗೆ ಅಲುಗಲಿಲ್ಲ, ಒಂದು ಹಿಡಿ ಮಣ್ಣೂ ಉದುರಲಿಲ್ಲ. ಅಂಬಮ್ಮ ಗಂಟನ್ನು ಅಡುಗೆಮನೆಗೆ ಒಯ್ದು ಬಿಚ್ಚಿ, ಅದೇ ಉಪ್ಪು ಹಾಕಿ ಬೇಳೆ ಸಾರು, ಪುಂಡಿಪಲ್ಯ ಮಾಡಿ, ಬಿಸಿ ರೊಟ್ಟಿ ಬಡಿದಳು. ಚಾಂದಪಾಶಾ ನಡುಕೋಣೆಯಲ್ಲಿ, ಆ ಗೋಡೆಗೆ ಬೆನ್ನು ಕೊಟ್ಟು ಕೂತು ಉಂಡ. ಎರಡನೆಯ ಸಲ ಸಾರು ಹಾಕಿಸಿಕೊಂಡ. ನೋಮಾನನನ್ನೂ ಕರೆದ, ಅವನು ಹಸಿವಿಲ್ಲ ಎಂದು ಅಂಗಳದಲ್ಲೇ ನಿಂತ.

ಮೂರು ದಿನದ ಮೇಲೆ ಅಂಬಿಕಾ ಶೆಡ್ಡಿನಿಂದ ಕೂಸಿನೊಂದಿಗೆ ಮನೆಗೆ ಬಂದಳು. ಕಿಟಕಿಗೆ ಕಂಬಳಿ ಕಟ್ಟಿದರು. ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟರು. ಹೊರಗೆ ಬಿಸಿಲು, ಒಳಗೆ ಕೆಂಡ. ಗೋಡೆಯ ಎರಡು ಮುಖಗಳೂ ಬೇಗ ಬೇಗ ಒಣಗಿದವು. ನಡುವಿನ ಮಣ್ಣು ಇದ್ದ ಹಾಗೇ ಹಸಿಯಿತ್ತು.

ಒಂಬತ್ತನೆಯ ದಿನ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಗೋಡೆ ಬಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಅಂಬಿಕಾಳಿಗೆ ಆಗಷ್ಟೇ ಎಣ್ಣೆ ಹಚ್ಚಿ ಬಚ್ಚಲಿಗೆ ಕರೆದೊಯ್ದಿದ್ದರು. ಕೂಸು ಪಡಸಾಲೆಯಲ್ಲಿ ಎರೆಯುವವಳ ಕಾಲ ಮೇಲಿತ್ತು. ಮಗಳು ಬರುವಷ್ಟರಲ್ಲಿ ಹಾಸಿಗೆ ಬೆಚ್ಚಗಿರಲಿ ಎಂದು ಅಂಬಮ್ಮ ಒಬ್ಬಳೇ ಒಳಗೆ ಹೋಗಿ ಶೇಗಡಿಗೆ ಕೆಂಡ ಹಾಕುತ್ತಿದ್ದಳು. ಗೋಡೆ ಒಳಗಡೆಗೆ ಕುಸಿಯಿತು, ಅದರ ಹಿಂದೆ ತೊಲೆ, ತೊಲೆಯ ಹಿಂದೆ ಮಾಳಿಗೆ. ಅವಳನ್ನು ಹೊರತೆಗೆಯಲು ಹನ್ನೆರಡು ಮಂದಿಗೆ ಒಂದೂವರೆ ತಾಸು ಹಿಡಿಯಿತು. ಬೇಗ ತೆಗೆದಿದ್ದರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಮೊದಲ ಕಲ್ಲಿಗೇ ಮುಗಿದಿತ್ತು.

ಸುದ್ದಿ ಕೇಳಿದಾಗ ಚಾಂದಪಾಶಾ ನಂದೂರಿನಲ್ಲಿದ್ದ. ಅಲ್ಲೊಂದು ಬೇಳೆ ಮಿಲ್ಲಿನ ಹಳೆಯ ಗೋದಾಮು ಅದೇ ಮಳೆಗೆ ನೆನೆದಿತ್ತು. ಅದರ ರಿಪೇರಿಯನ್ನೂ ಅವನೇ ಹಿಡಿದಿದ್ದ. ಫೋನು ಕಿವಿಯಲ್ಲಿಟ್ಟುಕೊಂಡು ಅವನು “ಯಾವ ಗ್ವಾಡಿ?” ಎಂದು ಮೂರು ಸಲ ಕೇಳಿದ.

ಅಂಬಮ್ಮನ ಮಣ್ಣಿಗೆ ಹೋದ. ಹೆಗಲು ಕೊಡುವವರ ಹಿಂದೆ ಹಿಂದೆ ನಡೆದ. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಸರ್ಕಾರದವರು ಬಂದು ಫೋಟೋ ತೆಗೆದು, ಅತಿಯಾದ ಮಳೆಯಿಂದ ಗೋಡೆ ಕುಸಿದಿದೆ ಎಂದು ಕಾಗದದಲ್ಲಿ ಬರೆದುಕೊಂಡರು. ಮಲ್ಲಣ್ಣ ಸಹಿ ಹಾಕಿದ. “ಶಿವಾ ಕರಕೊಂಡ, ನಾವೇನ ಮಾಡೂದು” ಎಂದು ಊರವರೂ ಅಂದರು, ಅವನೂ ಅಂದ. ಚಾಂದಪಾಶಾನ ಹೆಸರಿಗೆ ಒಂದು ಚಿಕ್ಕ ಕಲೆಯೂ ಅಂಟಲಿಲ್ಲ. ಬೇಕೆಂದರೆ ಅವನು ಹಾಗೇ ಕೈ ತೊಳೆದುಕೊಂಡು ಮನೆಗೆ ಹೋಗಬಹುದಿತ್ತು.

ಮನೆಗೇನೋ ಹೋದ, ನಿದ್ದೆ ಮಾತ್ರ ಬರಲಿಲ್ಲ. ನೋಮಾನ್ ‘ನಾನು ಹೇಳಿದ್ದೆ’ ಎಂದು ಒಂದು ಸಲ ಅಂದಿದ್ದರೆ ಎದ್ದು ಜಗಳವಾಡಬಹುದಿತ್ತು. ಮಗ ಅನ್ನಲಿಲ್ಲ. ಊಟದ ತಟ್ಟೆಯನ್ನು ತಂದೆಯ ಮುಂದೆ ಸರಿಸಿದ. ಬಷೀರುನ್ನೀಸಾ ಹಾಸಿಗೆಯ ಮೇಲೆ ಕೂತು ಅಂಬಮ್ಮನ ಹೆಸರು ಹೇಳಿ ಹೇಳಿ ಅತ್ತಳು. ಉಪ್ಪು ಹೇಗೆ ಸುಳ್ಳು ಹೇಳಿತು ಎನ್ನುವುದೊಂದೇ ಚಾಂದಪಾಶಾನನ್ನು ತಿನ್ನುತ್ತಿತ್ತು. ಬಟ್ಟೆ ಒಣಗಿತ್ತು. ಒತ್ತಿ ನೋಡಿದ್ದೆ. ಅಲುಗಿಸಿ ನೋಡಿದ್ದೆ.

ಐದನೆಯ ದಿನ ಮಗನನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದ. ಮೊದಲು ನಡುಕೋಣೆಯ ಅವಶೇಷದ ಬಳಿ ನಿಂತ. ಕಲ್ಲುಗಳನ್ನು ಪಕ್ಕಕ್ಕೆ ಒಟ್ಟಿದ್ದರು, ನಡುವಿನ ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಗುಡ್ಡೆಯೊಳಗೆ ಕೈ ಹಾಕಿ ಒಂದು ಮುದ್ದೆ ತೆಗೆದು ಹಿಸುಕಿದ. ಐದು ದಿನ ಬಿಸಿಲಿಗೆ ಬಿದ್ದಿದ್ದರೂ ಒಳಗಿನ ಮಣ್ಣು ರೊಟ್ಟಿಯ ಹಿಟ್ಟಿನಷ್ಟು ಮೆತ್ತಗಿತ್ತು. ನೋಮಾನ್ ಪಕ್ಕದಲ್ಲೇ ನಿಂತಿದ್ದ. ಮೀಟರು ಅವನ ಜೇಬಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ.

ಉಳಿದಿದ್ದ ಪಡಸಾಲೆಗೂ ಯಾರೂ ಹೋಗುತ್ತಿರಲಿಲ್ಲ. ಮಲ್ಲಣ್ಣ ದನದ ಕೊಟ್ಟಿಗೆಯ ಮುಂದೆ ಹಗ್ಗದ ಹೊರಸು ಹಾಕಿಕೊಂಡು ಕೂತಿದ್ದ. ಐದು ದಿನಕ್ಕೆ ಹತ್ತು ವರ್ಷ ಹೆಚ್ಚಾದಂತೆ ಕಾಣುತ್ತಿದ್ದ. ಚಾಂದಪಾಶಾನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

“ಬರ್ರಿ ಚಾಂದಭಾಯ್, ಕೂಡ್ರಿ. ಉಂಡು ಬಂದೀರೇನು? ಇಲ್ಲಿ ಉಣ್ಣಾಕ ಹಾಕಾಕಿ ಇಲ್ಲ ಈಗ.”

ಚಾಂದಪಾಶಾ ಹೊರಸಿನ ಅಂಚಿಗೆ ಕೂತ. ತೋಟದ ಶೆಡ್ಡಿನ ಕಡೆಯಿಂದ ಕೂಸು ಅಳುವುದು ಕೇಳುತ್ತಿತ್ತು, ಅಂಬಿಕಾ ಸಮಾಧಾನ ಮಾಡುವುದು ಕೇಳುತ್ತಿತ್ತು.

ಮಲ್ಲಣ್ಣನಿಗೆ ಹೆಂಡತಿಯ ಬಗ್ಗೆ ಮಾತಾಡಬೇಕಿತ್ತು. ಬಂದವರಿಗೆಲ್ಲ ಅವನು ಅವಳ ಸುದ್ದಿಯನ್ನೇ ಹೇಳುತ್ತಿದ್ದ.

“ನಿಮ್ಮ ಮ್ಯಾಲೆ ಆಕಿಗಿ ಭಾಳ ಮರ್ಯಾದಿ ಇತ್ತು” ಎಂದ. “ಆ ದಿನ ಸಂಜೀಕ ಉಪ್ಪು ಕೇಳಿದ್ರಿ ನೋಡ್ರಿ, ನಾ ಈ ಹರವಿಯಾಗಿನ ಹರಳುಪ್ಪೇ ಕೊಡಾಕ ಹೋಗಿದ್ದೆ. ನನಗ ಬೈದ್ಳು. ‘ಎಮ್ಮಿಗಿ ಹಾಕೂ ಉಪ್ಪು ಚಾಂದಣ್ಣಗ ಹ್ಯಾಂಗ ಕೊಡ್ತೀರಿ, ನಿಮಗ ಬುದ್ಧಿ ಅದ ಏನು’ ಅಂದ್ಳು. ಅಡಗಿಮನ್ಯಾಗ ಹೊಸಾ ಪಾಕೀಟು ಒಡದು, ಆ ಬೆಳ್ಳನ ಸಣ್ಣ ಉಪ್ಪು, ಛಲೋದು, ಅದನ್ನ ಕಟ್ಟಿ ಕೊಟ್ಳು. ಹಂಗ ಇದ್ಳು ಆಕಿ.”

ಚಾಂದಪಾಶಾ ತಲೆಯೆತ್ತಿದ. ಕೊಟ್ಟಿಗೆಯ ಮೂಲೆಯಲ್ಲಿ ಮಣ್ಣಿನ ಹರವಿ ಇತ್ತು. ಅದರ ಮೈಯೆಲ್ಲ ಬೆವೆತಿತ್ತು, ಬುಡದ ಸುತ್ತ ನೆಲದ ಮೇಲೆ ಒದ್ದೆಯ ಬಳೆ ಮೂಡಿತ್ತು. ಎದ್ದು ಹೋಗಿ ಕೈ ಹಾಕಿದ. ಹರಳುಪ್ಪು ತೊಪ್ಪೆಯಾಗಿ ಕೈಗೆ ಮೆತ್ತಿಕೊಂಡಿತು. ಗೋಡೆಯ ಸಹವಾಸವೂ ಇಲ್ಲದೆ, ಬರೀ ಗಾಳಿಯ ತೇವಕ್ಕೇ ಅದು ಹಾಗಾಗಿತ್ತು. ಬಷೀರುನ್ನೀಸಾಳ ಭರಣಿಯಲ್ಲಿ ಇರುವುದೂ ಇದೇ ಹರಳುಪ್ಪು. ಮೇಲೆ ಮಳೆ ಸುರಿದರೂ ಪುಡಿಪುಡಿಯಾಗಿ ಉದುರುವಂತೆ ತಯಾರಾದ ಪಾಕೀಟಿನ ಉಪ್ಪನ್ನು ಅವನು ಗೋಡೆಯೊಳಗೆ ಇಟ್ಟಿದ್ದ. ಗೋಡೆ ಹಸಿಯಿದ್ದರೂ ಅದು ಉದುರುದುರಾಗಿಯೇ ಉಳಿದಿತ್ತು. ಗಂಟಿನೊಳಗಿನದು ಹರಳೋ ಹುಡಿಯೋ ಎಂದು ಹೇಳಬೇಕಾಗಿದ್ದ ಬೆರಳುಗಳು ಎಂದೋ ಸತ್ತಿದ್ದವು. ರೇಷನ್ ಅಂಗಡಿಯ ಮಷೀನು ಏಳು ವರ್ಷದಿಂದ ಅದನ್ನೇ ಹೇಳುತ್ತಿತ್ತು. ಅವನು ಅದನ್ನು ಚಹಾದಂಗಡಿಯಲ್ಲಿ ನಗೆಯ ಮಾತು ಮಾಡಿಕೊಂಡಿದ್ದ.

ಅಂಬಮ್ಮನಿಗಾಗಿ, ತನಗಾಗಿ, ಆ ಕೂಸಿಗಾಗಿ ಅವನಿಗೆ ಕೂಗಿ ಅಳಬೇಕೆನಿಸಿತು. ಆದರೆ ಅಳುವುದಕ್ಕಿಂತ ಮೊದಲು ನಂದೂರು ನೆನಪಾಯಿತು. ನಿನ್ನೆ ಸಂಜೆ ಗೋದಾಮಿನ ಗೋಡೆಯಲ್ಲಿ ಅವನ ಆಳುಗಳು ಗಂಟು ಇಟ್ಟಿದ್ದರು. ಉಪ್ಪು ಮಿಲ್ಲಿನ ಕ್ಯಾಂಟೀನಿನದು. ಮರುದಿನ ಗಂಟು ಒಣಗಿದ್ದರೆ ಮಧ್ಯಾಹ್ನ ಬಲ್ಲಿ ತೆಗೆಯಿರಿ ಎಂದು, ಅಂಬಮ್ಮನ ಸುದ್ದಿ ಬರುವ ಮೊದಲೇ, ಅವನೇ ಹೇಳಿಟ್ಟಿದ್ದ.

ಮಿಲ್ಲಿನ ಮಾಲೀಕ ಅರುಣಕುಮಾರನಿಗೆ ಫೋನು ಹಚ್ಚಿದ. “ಸಾವಕಾರ್ರೆ, ಬಲ್ಲಿ ಮುಟ್ಟಬ್ಯಾಡ್ರಿ. ಗಂಟು ಒಣಗಿದ್ರೂ ಮುಟ್ಟಬ್ಯಾಡ್ರಿ. ಬ್ಯಾಳಿ ಆರಿಸೂ ಹೆಣ್ಮಕ್ಕಳನ್ನ ಈಗಿಂದೀಗ ಹೊರಗ ಕರೀರಿ... ಹೌದ್ರಿ, ನಾನೇ ಹೇಳಿದ್ದೆ. ನಾ ಹೇಳಿದ್ದು ತಪ್ಪು. ನಮ್ಮ ಹುಡುಗ ಬಂದು ಮೀಟರ್ ಹಚ್ಚೂತನಕ ಒಬ್ಬರೂ ಒಳಗ ಹೋಗಬಾರದು.”

ಆ ಕಡೆಯಿಂದ ಅರುಣಕುಮಾರ ಏನೇನೋ ಬೈದ. ಚಾಂದಪಾಶಾ ಎಲ್ಲ ಕೇಳಿಸಿಕೊಂಡು ಫೋನಿಟ್ಟ. ತಂದೆ ‘ತಪ್ಪು’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ನೋಮಾನ್ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ತಿರುಗಿ ನೋಡಿದರೆ ಮಲ್ಲಣ್ಣ ಹೊರಸಿನಿಂದ ಎದ್ದು ನಿಂತಿದ್ದ.

“ಏನದು ಚಾಂದಭಾಯ್? ಯಾವ ಗಂಟು?”

ಇಲ್ಲಿಯೂ ಸುಮ್ಮನಿರಬಹುದಿತ್ತು. ಆದರೆ ಅವನಿಗೆ ಆಗಲಿಲ್ಲ.

“ಮಲ್ಲಣ್ಣೋರೆ, ನಿಮ್ಮ ಗ್ವಾಡಿ ಮಳಿಗಿ ಬಿದ್ದಿಲ್ರಿ. ಶಿವನೂ ಕೆಡವಿಲ್ಲ. ನಾ ಕೆಡವೀನಿ. ಒಳಗ ಹಸಿ ಇತ್ತು. ನನ್ನ ಮಗ ಹೇಳಿದ, ನಾ ಕೇಳಲಿಲ್ಲ. ಗಂಟು ಬಿಚ್ಚಿ ನೋಡಬೇಕಾಗಿತ್ತು, ನೋಡಲಿಲ್ಲ. ಹೂಂ ಅಂದುಬಿಟ್ಟೆ.”

ಮಲ್ಲಣ್ಣ ಅವನನ್ನು ನೋಡಿದ. ಆಮೇಲೆ ಹರವಿಯ ಕಡೆ ನೋಡಿದ. ಚಾಂದಪಾಶಾನ ಅಂಗೈಗೆ ಮೆತ್ತಿದ್ದ ಉಪ್ಪನ್ನು ನೋಡಿದ. ಅವನ ಮುಖದಲ್ಲಿ ಏನೋ ಹುಟ್ಟುತ್ತಿರುವುದು ಚಾಂದಪಾಶಾನಿಗೆ ಕಂಡಿತು. ಅದು ಹುಟ್ಟಬಾರದಿತ್ತು.

“ಗಂಟಿನ್ಯಾಗ ಆಕಿ ಕೊಟ್ಟ ಉಪ್ಪಿತ್ತಲ್ಲ” ಎಂದ ಮಲ್ಲಣ್ಣ, ತಡೆದು ತಡೆದು. “ಅದರಾಗ ಏನರೆ... ಆಕಿ ಛಲೋದೇ ಕೊಟ್ಟಿದ್ಳಲ್ಲ?”

ಶೆಡ್ಡಿನಲ್ಲಿ ಕೂಸು ಅಳು ನಿಲ್ಲಿಸಿತ್ತು. ಅಂಬಿಕಾ ಬಾಗಿಲಿಗೆ ಬಂದು ನಿಂತು ಇವರ ಕಡೆಯೇ ನೋಡುತ್ತಿದ್ದಳು. ಚಾಂದಪಾಶಾ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

“ಹೌದ್ರಿ. ಆಕಿ ಛಲೋದೇ ಕೊಟ್ಟಿದ್ಳು” ಎಂದ. “ಉಪ್ಪಿಂದು ಏನೂ ತಪ್ಪಿಲ್ಲ. ತಪ್ಪು ನನ್ನ ಕೈಯಿಂದು.”

ಮಲ್ಲಣ್ಣನ ಮುಖದಿಂದ ಆ ಅನುಮಾನ ಇಳಿಯಿತು. ಅದು ಇಳಿದ ಜಾಗದಲ್ಲಿ ಬೇರೆಯದೇ ಒಂದು ಬಂದು ಕೂತಿತು. ಐದು ದಿನದಿಂದ ಶಿವನ ಮೇಲೆ ಹಾಕಿದ್ದನ್ನು ಈಗ ಹಾಕಲು ಅವನಿಗೊಬ್ಬ ಮನುಷ್ಯ ಸಿಕ್ಕಿದ್ದ. ಅವನು ಕೂಗಾಡಲಿಲ್ಲ. ಹೊರಸನ್ನು ಎಳೆದು ಕೊಟ್ಟಿಗೆಯ ಗೋಡೆಗೆ ಒರಗಿಸಿದ, ಇನ್ನು ಯಾರೂ ಕೂರುವುದು ಬೇಡ ಎನ್ನುವಂತೆ.

“ಹಂಗಾದ್ರ ಇನ್ನ ನೀ ಹೋಗು ಚಾಂದಪಾಶಾ” ಎಂದ. “ಈ ಮನೀಗೆ ಮತ್ತ ಬರಬ್ಯಾಡ.”

ನಲವತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರಿನ ಜೊತೆ ಭಾಯ್ ಇರಲಿಲ್ಲ. ಚಾಂದಪಾಶಾ ಅಂಬಿಕಾಳ ಕಡೆ ಕೈಯೆತ್ತಿ ಮುಗಿದ. ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನೋಮಾನ್ ಬೈಕು ಚಾಲು ಮಾಡಿದ. ನಂದೂರಿಗೆ ಮಧ್ಯಾಹ್ನದೊಳಗೆ ಮುಟ್ಟಬೇಕಿತ್ತು.